ಹಿತ್ತಿಲ ಮಣ್ಣಿನ ಬೈರಿಗೆಯಕ್ಕ

ಮಳೆ ಹಿಂದೆಗೆದು ವಾರವಾಗಿದೆ. ಹಿತ್ತಿಲ ಗೋಡೆಯ ಪಾಚಿ ಇನ್ನೂ ಆರಿಲ್ಲ. ಬೆಳಕು ಹರಿಯುವ ಹೊತ್ತಿಗೇ ಬೈರಿಗೆಯಕ್ಕ ತೋಳು ಮಡಿಚಿ ಕೆಲಸಕ್ಕೆ ನಿಂತಿದ್ದಾರೆ. ಕೈಯಲ್ಲಿ ಮಣ್ಣು ಕೊರೆಯುವ ಬೈರಿಗೆ, ಆಳೆತ್ತರದ ಕಬ್ಬಿಣದ ಸರಳು. ಕೆಳಗೆ ತಿರುಪಿನ ಬಾಯಿ, ಮೇಲೆ ಅಡ್ಡ ಹಿಡಿ. ಮೈಭಾರ ಕೊಟ್ಟು ತಿರುಗಿಸುತ್ತಾರೆ, ಎತ್ತುತ್ತಾರೆ, ಕಚ್ಚಿಕೊಂಡ ಮಣ್ಣನ್ನು ಹೆಬ್ಬೆರಳಿನಿಂದ ಬಿಡಿಸಿ ಗೋಣಿತಾಟಿನ ಮೇಲೆ ಸಾಲಾಗಿ ಇಡುತ್ತಾರೆ. ಗುಂಡಿ ಮುಚ್ಚುವಾಗ ಕೆಳಗಿನದು ಕೆಳಗೇ ಹೋಗಬೇಕು, ಮೇಲಿನದು ಮೇಲೇ ಬರಬೇಕು. ಅದು ಅವರ ನೇಮ.

“ಬೇಸಿಗೇಲಿ ಎಲ್ಲರ ಹಿತ್ತಿಲೂ ಗಟ್ಟಿನೇ. ಮಳೆ ಕಳೆದ ಮೇಲೆ ಬಯಲಾಗುತ್ತೆ ಅದರ ಬಂಡವಾಳ,” ಎಂದು, ಅವರ ಕೆಲಸ ನೋಡಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಕಳೆದ ಭೂಕಂಪದ ನಂತರ ಈ ಊರಿನಲ್ಲಿ ಕೋಳಿಗೂಡಿಗಿಂತ ದೊಡ್ಡದೇನು ಕಟ್ಟಬೇಕಾದರೂ ಮಣ್ಣಿನ ಪರೀಕ್ಷೆಯಾಗಬೇಕು. ಬೈರಿಗೆಯಕ್ಕ ತೆಗೆದ ಮಣ್ಣು ಚೀಲಗಳಲ್ಲಿ ಲ್ಯಾಬಿಗೆ ಹೋಗುತ್ತದೆ, ಎಂಜಿನಿಯರರು ಸಹಿ ಹಾಕುತ್ತಾರೆ. ತೆಗೆದವರು ಯಾರೆಂದು ಯಾರೂ ಕೇಳುವುದಿಲ್ಲ. ಸಂಜೆಯ ಹೊತ್ತಿಗೆ ಅವರ ಬಲಭುಜ ಮೇಲೇಳುವುದಿಲ್ಲ. ತಲೆ ಬಾಚಿಕೊಡುವವರು ಗಂಡ. “ಜಡೆ ಹಾಕೋದು ಇನ್ನೂ ಕಲ್ತಿಲ್ಲ, ಹಗ್ಗ ಹೊಸೀತಾರೆ,” ಎನ್ನುತ್ತಾರೆ.

ಇಂದಿನ ಹಿತ್ತಿಲು ಒಬ್ಬ ಬಸ್ ಡ್ರೈವರನದು. ಭೂಕಂಪದಲ್ಲಿ ಮನೆ ಕಳೆದುಕೊಂಡ ಅವನ ಅಕ್ಕ, ಅಂದಿನಿಂದ ತಮ್ಮನ ನಡುಮನೆಯಲ್ಲೇ ಮಲಗುತ್ತಾರೆ. ಮಕ್ಕಳು ಏಳುವ ಮೊದಲೇ ಹಾಸಿಗೆ ಸುತ್ತಿಡುತ್ತಾರೆ. ಅವರಿಗೆಂದೇ ಇಲ್ಲೊಂದು ಪುಟ್ಟ ಮನೆ ಏಳಬೇಕು.

“ನನ್ನದೇ ಒಂದು ಬಾಗಿಲು ಇದ್ರೆ ಸಾಕು. ಒಳಗಿಂದ ಚಿಲಕ ಹಾಕ್ಕೊಳ್ಳೋ ಹಾಗೆ,” ಎನ್ನುತ್ತಾರೆ ಆ ಹೆಂಗಸು, ಮೆಟ್ಟಿಲ ಮೇಲೆ ಕುಳಿತು.

ಅಷ್ಟರಲ್ಲಿ ಬೈರಿಗೆ ಒಮ್ಮೆಲೇ ಹಗುರಾಗುತ್ತದೆ. ಮೇಲೆ ಬಂದದ್ದು ಬೂದು ಬಣ್ಣದ ನುಣ್ಣನೆಯ ಮರಳು, ನೀರು ತೊಟ್ಟಿಕ್ಕುತ್ತಿದೆ. ಬೈರಿಗೆಯಕ್ಕ ಅದನ್ನು ಅಂಗೈಯಲ್ಲಿ ಉಂಡೆ ಮಾಡಿ, ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟುತ್ತಾರೆ. ನೀರು ಮೇಲೆದ್ದು ಹೊಳೆಯುತ್ತದೆ. ಉಂಡೆ ಕುಸಿದು ಬೆರಳ ಸಂದಿಗೆ ಇಳಿಯುತ್ತದೆ.

“ನೆಲ ನಡುಗಿದ್ರೆ ಕೆಳಗೆಲ್ಲ ಹೀಗೇ ಆಗುತ್ತಪ್ಪ. ಗೋಡೆ ಎಷ್ಟು ಗಟ್ಟಿಯಿದ್ರೇನು, ಗಂಜಿ ಮೇಲೆ ಮಣೆ ಹಾಕಿದ ಹಾಗೆ.”

“ಒಂದು ರೂಮು ಕಣಕ್ಕಾ! ಆನೆ ಕಟ್ಟೋಕೆ ಕೇಳಿದ್ನಾ?” ಡ್ರೈವರ್ ರೇಗುತ್ತಾನೆ. ತಾನೇ ಹಿಡಿಗೆ ಕೈಹಾಕಿ ಇನ್ನೊಂದು ಮೂಲೆ ಕೊರೆಯುತ್ತಾನೆ. ಅಲ್ಲೂ ಅದೇ ಮರಳು. ಎಂಜಿನಿಯರರಿಗೆ ಫೋನ್ ಹೋಗುತ್ತದೆ. ಆಳಕ್ಕೆ ಕಂಬ ಇಳಿಸಿ ಕಟ್ಟಬಹುದಂತೆ. ಆ ಖರ್ಚಿಗೆ ಇನ್ನೊಂದು ಮನೆಯೇ ಎದ್ದೀತು.

ಫೋನಿಟ್ಟ ಡ್ರೈವರ್ ದನಿ ತಗ್ಗಿಸುತ್ತಾನೆ. “ಮುಂದಿನ ಗೇಣಗಲ ಅಂಗಳದಲ್ಲಿ ಕೆಂಪು ಗಟ್ಟಿಮಣ್ಣಿದೆ. ಚೀಲಕ್ಕೆ ಅದನ್ನೇ ತುಂಬಿಬಿಡಿ. ಮಣ್ಣಿನ ಮೇಲೇನು ಹೆಸರು ಬರ್ದಿರುತ್ತಾ?”

“ಮಣ್ಣಿನ ಮೇಲೆ ಬರ್ದಿರಲ್ಲ. ಅದರ ಮೇಲೆ ಮಲಗೋರು ಯಾರು ಅಂತ ನಿಂಗೂ ಗೊತ್ತು, ನಂಗೂ ಗೊತ್ತು.”

ಅವನು ಮುಖ ತಿರುಗಿಸುತ್ತಾನೆ. ಎಲ್ಲ ಕೇಳಿಸಿಕೊಂಡ ಅವನ ಅಕ್ಕ ಎದ್ದು ನಿಲ್ಲುತ್ತಾರೆ.

“ಬಾಗಿಲಿನ ಬಣ್ಣ ಕೂಡ ನೋಡಿಟ್ಟಿದ್ದೆ. ಇಲ್ಲ ಅನ್ನೋಕೆ ಇಷ್ಟೆಲ್ಲ ಕೊರೀಬೇಕಿತ್ತೇನಮ್ಮಾ?”

ಬೈರಿಗೆಯಕ್ಕ ಚೀಲದ ಬಾಯಿ ಬಿಡಿಸುತ್ತಾರೆ. ಮರಳು ಮರಳಾಗಿಯೇ ಚೀಲ ಸೇರುತ್ತದೆ. ಉಳಿದದ್ದು ಮೊದಲಿದ್ದ ಕ್ರಮದಲ್ಲೇ ಗುಂಡಿಗೆ ಮರಳುತ್ತದೆ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು.

ಬೀದಿಗೆ ಬಂದ ಮೇಲೆ ಬೈರಿಗೆಯಕ್ಕ ನನಗೆ ತಮ್ಮ ಕಥೆ ಹೇಳುತ್ತಾರೆ. ಅವರ ತವರುಮನೆ ನಿಂತಿದ್ದದ್ದು ಮುಚ್ಚಿದ ಕೆರೆಯ ಮೇಲೆ. ಅದೇ ಭೂಕಂಪದಲ್ಲಿ ಗೋಡೆಯಡಿ ಸಿಕ್ಕಿದ ಅವರನ್ನು ಯಾರೋ ಬರಿಗೈಯಲ್ಲಿ ಅಗೆದು ತೆಗೆದರು. ಪಕ್ಕದ ಕೋಣೆಯಲ್ಲಿದ್ದ ತಾಯಿ ಉಳಿಯಲಿಲ್ಲ.

“ನನ್ನ ತೆಗೆದವರ ಕೈ ಮಾತ್ರ ಕಂಡಿದ್ದು. ಉಗುರು ಕಿತ್ತು ರಕ್ತ ಬರ್ತಿತ್ತು. ಮುಖ ನೋಡೋಷ್ಟರಲ್ಲಿ ಇನ್ಯಾರನ್ನೋ ತೆಗೆಯೋಕೆ ಓಡಿದ್ರು. ಆ ಸಾಲ ಯಾರಿಗೆ ತೀರಿಸ್ಲಿ?”

ಬೈರಿಗೆಯನ್ನು ಭುಜ ಬದಲಿಸಿ ಹೊರುತ್ತಾರೆ. ಹಿಂದೆ ಗೇಟು ಬಡಿದುಕೊಳ್ಳುತ್ತದೆ.

“ಬಿದ್ದ ಮನೆ ಊರಿಗೆಲ್ಲ ಕಾಣುತ್ತೆ. ಬೀಳದೆ ತಪ್ಪಿದ್ದು ಯಾರಿಗೆ ಕಾಣುತ್ತೆ ಹೇಳಿ? ಆಯಮ್ಮ ಜೀವ ಇರೋತನಕ ನನ್ನ ಬೈತಾರೆ. ಬೈಲಿ. ಬೈಯೋಕೆ ಇರ್ತಾರಲ್ಲ.”