ಶನಿವಾರ ನಿಲ್ಲುತ್ತಿದ್ದ ಸೈಕಲ್ಲು

ನನ್ನ ಕರೆಂಟ್ ಸೈಕಲ್ಲು ಶನಿವಾರ ಮಾತ್ರ ಕೆಡುತ್ತದೆ ಎಂದು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಯಂತ್ರಕ್ಕೂ ವಾರ ಗೊತ್ತಾಗುತ್ತದಾ ಎಂದು ಯಜಮಾನರು ನಕ್ಕರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಹಾಗೆ ಹೇಳಲು ನನಗೂ ನಾಚಿಕೆಯೇ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ತೆಪ್ಪಗೆ ಓಡುವ ಸೈಕಲ್ಲು, ಶನಿವಾರ ಬೆಳಿಗ್ಗೆ ಊರು ದಾಟಿ ಮೊದಲ ಹಳ್ಳಕ್ಕೆ ಇಳಿದ ಕೂಡಲೇ ದೀಪ ಆರಿಸಿಕೊಂಡು ನಿಂತುಬಿಡುತ್ತಿತ್ತು. ಆಮೇಲೆ ಆ ಭಾರದ ಬ್ಯಾಟರಿಯನ್ನೂ ನನ್ನನ್ನೂ ನನ್ನ ಕಾಲೇ ಎಳೆಯಬೇಕು. ಶನಿವಾರ ಬೆಳಗಿನ ಶಾಲೆ ಬೇರೆ. ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದರೆ ಮಕ್ಕಳು ಪ್ರಾರ್ಥನೆ ಮುಗಿಸಿ ತರಗತಿಯಲ್ಲಿ ಕೂತಿರುತ್ತಿದ್ದರು.

ಮದ್ದೂರು ತಾಲೂಕಿನ ಕೊಪ್ಪದ ನಮ್ಮ ಮನೆಯಿಂದ ಶಾಲೆಗೆ ಏಳು ಕಿಲೋಮೀಟರು. ಮದುವೆಯಾದ ಮೇಲೆ ಹನ್ನೊಂದು ವರ್ಷ ಯಜಮಾನರ ಬೈಕಿನ ಹಿಂದೆ ಕೂತೇ ಹೋಗಿ ಬಂದೆ. ಅವರಿಗೆ ಮದ್ದೂರಿನ ಒಂದು ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಅವರು ಹಾರನ್ ಒತ್ತಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಸಂಜೆ ಅವರು ಬರುವ ತನಕ ಶಾಲೆಯ ಗೇಟಿನ ಹತ್ತಿರ ನಿಂತಿರಬೇಕು. ಅವರೇನೂ ಕೆಟ್ಟವರಲ್ಲ. ಆದರೆ ಆಲೆಮನೆ ಮುಂದೆ ಹಾದುಹೋಗುವಾಗ ಒಂದು ನಿಮಿಷ ಇಳಿದು ಪಾಕ ನೋಡೋಣ ಅನ್ನಿಸಿದರೂ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬೈಕು ಅಲ್ಲಿ ನಿಲ್ಲಲಿಲ್ಲ. ಸ್ಕೂಟರು ಕಲಿಯಲು ಹೋಗಿ ಬೇಲಿಗೆ ನುಗ್ಗಿದ ಮೇಲೆ ಅದರ ಸಹವಾಸ ಬಿಟ್ಟೆ. ಸೈಕಲ್ಲು ಚಿಕ್ಕಂದಿನಿಂದ ಬರುತ್ತಿತ್ತು. ಹೋದ ವರ್ಷ ಬ್ಯಾಟರಿ ಇರುವ ಸೈಕಲ್ಲು ಕೊಂಡೆ. ಅಂದಿನಿಂದ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ನನ್ನ ಇಷ್ಟವಾಯಿತು. ಆ ಸುಖ ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ.

ಮೂರು ಶನಿವಾರ ಕೈಕೊಟ್ಟ ಮೇಲೆ ಯಜಮಾನರು ಊಟಕ್ಕೆ ಕೂತಾಗ ವಿಷಯ ಎತ್ತಿದರು.

"ಸಾಕು ಬುಡು ಈ ಸಾವಾಸ. ಮಳವಳ್ಳಿ ಭಾವ ಕೇಳ್ತಾವ್ರೆ, ಕೊಟ್ಬುಡವ. ಮೊದ್ಲಿನಂಗೆ ನಾನೇ ಬುಟ್ಟು ಓಯ್ತೀನಿ."

ಭಾವ ಎಂದರೆ ಅವರ ಅಕ್ಕನ ಗಂಡ. ನಾಲ್ಕು ವಾರ ಕಳೆದು ಬರುವ ಭಾನುವಾರ ಗಾಡಿ ತಂದು ಸೈಕಲ್ಲು ಹಾಕಿಕೊಂಡು ಹೋಗುವುದು ಎಂದು ಫೋನಿನಲ್ಲೇ ತೀರ್ಮಾನವಾಯಿತು. ಅಷ್ಟರೊಳಗೆ ಕಾರಣ ಕಂಡುಹಿಡಿದರೆ ಕೊಡುವುದಿಲ್ಲ ಎಂದೆ. ಅವರು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಸಿಕೊಂಡರು. ಅತ್ತೆಯೂ ಅಲ್ಲೇ ಕೂತು ಮಜ್ಜಿಗೆ ಕಡೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಸೈಕಲ್ಲಿನ ಆರೈಕೆ ಮಾಡುವುದು ನನ್ನ ಅಭ್ಯಾಸ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಕಾಲಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬುತ್ತೇನೆ. ಹಳೆ ಸೀರೆಯ ತುಂಡಿನಿಂದ ಚೈನು ಒರೆಸಿ ಹೊಲಿಗೆ ಮಿಷಿನ್ನಿನ ಎಣ್ಣೆ ಬಿಡುತ್ತೇನೆ. ಮೊದಮೊದಲು ಕೊಬ್ಬರಿ ಎಣ್ಣೆ ಬಿಟ್ಟು, ಅದಕ್ಕೆ ರಸ್ತೆಯ ಧೂಳೆಲ್ಲ ಮೆತ್ತಿಕೊಂಡು, ಮದ್ದೂರಿನ ಸೈಕಲ್ ಅಂಗಡಿಯ ಭಾಯಿ ಕೈಲಿ ಬೈಸಿಕೊಂಡಿದ್ದೆ. ಬ್ರೇಕಿನ ವೈರು ಎಳೆದು ನೋಡುತ್ತೇನೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸಡಿಲವಾದದ್ದು ಬೇರೆ ದನಿ ಕೊಡುತ್ತದಾ ಎಂದು ಕಿವಿಗೊಡುತ್ತೇನೆ. ಕೊನೆಗೆ ಬ್ಯಾಟರಿ ಹೊರಗೆ ತೆಗೆದು ಒಣಬಟ್ಟೆಯಲ್ಲಿ ಸುತ್ತಲೂ ಬುಡದ ತನಕ ಉಜ್ಜಿ ಮತ್ತೆ ಕೂರಿಸುತ್ತೇನೆ. ಇದೆಲ್ಲ ಆದ ಮೇಲೆ ಸೋಮವಾರ ಸೈಕಲ್ಲು ಸರಿಯಾಗಿ ಓಡುತ್ತಿತ್ತು. ನನ್ನ ಕೈಗುಣ ಎಂದು ಒಳಗೊಳಗೇ ಬೀಗುತ್ತಿದ್ದೆ.

ಭಾಯಿಗೆ ಫೋನು ಮಾಡಿ ಇದನ್ನೇ ಹೇಳಿದೆ. ಅವರು ಕೇಳಿಸಿಕೊಂಡು, "ಎಲ್ಲಾ ಒಂದೇ ದಿನ ಮಾಡ್ಬುಟ್ರೆ ಯಾವ್ದ್ರಿಂದ ಸರಿಯಾಯ್ತು ಅಂತ ಎಂಗೆ ಗೊತ್ತಾಯ್ತದೆ ಮೇಡಂ? ವಾರಕ್ಕೆ ಒಂದೊಂದ್ ಕೆಲ್ಸ ಬುಟ್ಟು ನೋಡಿ" ಎಂದರು.

ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂದು ಒಂಬತ್ತನೇ ತರಗತಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ಫೋನು ಇಟ್ಟ ಮೇಲೆ ಒಬ್ಬಳೇ ನಕ್ಕೆ.

ಮೊದಲ ಭಾನುವಾರ ಚೈನಿಗೆ ಎಣ್ಣೆ ಬಿಡಲಿಲ್ಲ. ಸೋಮವಾರ ಓಡಿತು, ಶನಿವಾರ ನಿಂತಿತು. ಎರಡನೆಯ ವಾರ ಗಾಳಿ ತುಂಬಲಿಲ್ಲ. ಆಗಲೂ ಅದೇ ಕಥೆ. ಮೂರನೆಯ ಭಾನುವಾರ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಸೋಮವಾರ ಬೆಳಿಗ್ಗೆ ಸೈಕಲ್ಲು ಊರಂಚಿನ ನಾಲೆ ಏರಿಯ ತನಕವೂ ಹೋಗಲಿಲ್ಲ. ಹಾಗೆ ನಿಂತಾಗ ಖುಷಿಪಟ್ಟವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ರಸ್ತೆ ಪಕ್ಕಕ್ಕೆ ಒರಗಿಸಿ, ಬೀಗ ತೆಗೆದು, ಬ್ಯಾಟರಿ ಎತ್ತಿ ಬುಡ ಮೇಲೆ ಮಾಡಿದೆ. ಸೈಕಲ್ಲಿಗೆ ಕರೆಂಟು ಕೊಡುವ ಎರಡು ಹಿತ್ತಾಳೆ ಪಟ್ಟಿಗಳು ಬುಡದ ಸಂದಿಯಲ್ಲಿವೆ. ಅದರ ತುಂಬ ಹಳದಿ ಬಣ್ಣದ್ದೇನೋ ಹಕ್ಕಳೆಗಟ್ಟಿ ಒಣಗಿತ್ತು. ಬ್ಯಾಟರಿಯೊಳಗಿನ ರಸಾಯನ ಸೋರಿತೇ ಎಂದು ಹೆದರಿದೆ. ಉಗುರಿನಲ್ಲಿ ಕೆರೆದು ಮೂಸಿ ನೋಡಿದೆ. ಅರಿಶಿನ.

ಕೆರೆದು ಒರೆಸಿ ಕೂರಿಸಿದೆ, ಸೈಕಲ್ಲು ಓಡಿತು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಯಾರ ಕೆಲಸ ಎಂದು ಊಹಿಸಿದ್ದೆ, ಯಾಕೆ ಎನ್ನುವುದು ಮಾತ್ರ ಬಗೆಹರಿಯಲಿಲ್ಲ. ನಮ್ಮ ಮನೆಯಲ್ಲಿ ಶುಕ್ರವಾರ ಅತ್ತೆ ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಡುತ್ತಾರೆ. ಹಾಗೇ ಗ್ಯಾಸ್ ಒಲೆಗೆ, ಮಿಕ್ಸಿಗೆ, ಪಂಪಿನ ಸ್ಟಾರ್ಟರಿಗೆ ಒಂದೊಂದು ಬೊಟ್ಟು. ಬ್ಯಾಟರಿಯ ಹಿಡಿಯ ಮೇಲೂ ಒಂದು ಬೊಟ್ಟು ಇರುತ್ತಿತ್ತು. ಅದನ್ನು ಎಷ್ಟೋ ಸಲ ನೋಡಿದ್ದೆ, ಮನೆಯಲ್ಲಿ ಬೊಟ್ಟಿಲ್ಲದ ಸಾಮಾನೇ ಇಲ್ಲದಿದ್ದರಿಂದ ಗಮನಕ್ಕೆ ಬಂದಿರಲಿಲ್ಲ. ಭಾನುವಾರದ ಒರೆಸುಬಟ್ಟೆಗೆ ಹತ್ತಿದ ಹಳದಿಯೂ ಆ ಬೊಟ್ಟಿನದೇ ಎಂದುಕೊಂಡಿದ್ದೆ.

ಆ ಶುಕ್ರವಾರ ಸಂಜೆ ಎಂದಿನಂತೆ ಚಾರ್ಜಿಗೆಂದು ಬ್ಯಾಟರಿ ಬಿಚ್ಚಿ ತಂದು ನಡುಮನೆಯ ಬೆಂಚಿನ ಮೇಲೆ ಅಡ್ಡ ಮಲಗಿಸಿದೆ. ಕಾಲು ತೊಳೆಯಲು ಹೋದವಳ ಹಾಗೆ ಮಾಡಿ ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಅತ್ತೆ ದೀಪ ಹಚ್ಚಿ, ಹೊಸ್ತಿಲು ಮುಗಿಸಿ, ಅರಿಶಿನ ಕಲಸಿದ ಬಟ್ಟಲು ಹಿಡಿದು ಬಂದರು. ಮಂಡಿ ನೋವಿನಲ್ಲಿ ಮೆಲ್ಲಗೆ ಕೂತು, ಬೆರಳನ್ನು ಆ ಸಂದಿಯೊಳಗೆ ತೂರಿಸಿ, ಮೂಲೆಯೂ ಬಿಡದ ಹಾಗೆ ಬಳಿಯತೊಡಗಿದರು.

"ಅತ್ತೆ, ಅದರೊಳಗೆ ಯಾಕೆ ಬಳೀತಿದ್ದೀರಾ?"

ಅವರು ಬೆಚ್ಚಲಿಲ್ಲ. "ಕರೆಂಟು ಒಳಿಕ್ಕೆ ಓಗೋ ಬಾಗ್ಲು ಇದೇ ತಾನೇ ಕಣಮ್ಮ? ಒಸ್ಲಿಗೆ ಅರ್ಸ್ನ ಇಲ್ದೆ ಬುಡಕಾದದಾ?"

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಶನಿವಾರ ಬಿಸಿಲಲ್ಲಿ ತುಳಿದಿದ್ದೆ! "ಇದ್ರಿಂದ್ಲೇ ಅತ್ತೆ ಸೈಕಲ್ಲು ನಿಲ್ತಿದ್ದದ್ದು. ಎಷ್ಟು ದಿನದಿಂದ ಮಾಡ್ತಿದ್ದೀರಾ?"

ಅತ್ತೆಯ ಕೈ ಅಲ್ಲೇ ನಿಂತಿತು. "ಮೊದ್ಲು ಒಂದೀಟು ಸವರ್ತಿದ್ದೆ. ಶನಿವಾರ ನಿಂತೋಯ್ತು ಅಂದ್ಯಲ್ಲ, ಸಾಲ್ಲಿಲ್ವೇನೋ ಅಂದ್ಕಂಡು ಇನ್ನೊಂದೀಟು ಬಳ್ದೆ. ಅದು ನಿಂತಷ್ಟೂ ಬಳ್ದೆ."

"ಯಾಕತ್ತೆ?"

"ಅದು ಕೆಟ್ರೆ ನಿನ್ನ ತಿರ್ಗ ಅವ್ನ ಹಿಂದೆ ಕೂರುಸ್ಕತಾನಲ್ಲ." ಅತ್ತೆ ನನ್ನ ಮುಖ ನೋಡಲಿಲ್ಲ. "ನಿಮ್ಮಾವ ಹೊಂಟ್ರೇ ನಂಗೂ ಸಂತೆ, ನಂಗೂ ತವ್ರುಮನೆ. ಅವ್ರು ಹೊಂಡ್ದಿದ್ರೆ ಇಲ್ಲ. ನಂದೆಂಗೋ ಕಳ್ದೋಯ್ತು."

ಏರಿದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇವರ ಮನಸ್ಸಿನಲ್ಲಿ ಏನಿದೆ ಎಂದು ಒಂದು ಸಲವೂ ಕೇಳದವಳು, ಸೈಕಲ್ಲಿನ ಕಡ್ಡಿ ಕಡ್ಡಿಗೂ ಕಿವಿಗೊಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ಒಣಬಟ್ಟೆಯಿಂದ ಪಟ್ಟಿಗಳನ್ನು ಒರೆಸಿದೆ. ಜಗಲಿಯಲ್ಲಿದ್ದ ಸೈಕಲ್ಲಿಗೆ ಬ್ಯಾಟರಿ ಕೂರಿಸಿ ಗುಂಡಿ ಒತ್ತಿದೆ, ದೀಪ ಹತ್ತಿತು. ಅತ್ತೆ ಬಗ್ಗಿ ನೋಡಿದರು.

"ಅರ್ಸ್ನ ಕಂಡ್ರೆ ಕರೆಂಟ್ಗೆ ಆಗಕಿಲ್ವಾ?"

"ಒಣಗಿದ್ರೆ ದಾಟಕ್ಕೆ ಬಿಡಲ್ಲ ಅತ್ತೆ. ಹಸಿಯಾಗಿದ್ದಾಗ ಆ ಕಡೆ ಈ ಕಡೆ ಎರಡನ್ನೂ ಸೇರಿಸಿಬಿಟ್ರೆ ಇನ್ನೂ ಅಪಾಯ."

"ಅಂಗಾ?" ಎಂದು ಬೆರಳಿನ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡರು. "ಮತ್ತೆ ಅದು ಒಳಗಿಂದ ಇತ್ತಾಗೆ ಎಂಗೆ ಬತ್ತದೆ, ತೋರ್ಸು." ಬ್ಯಾಟರಿ ಮತ್ತೆ ಬಿಚ್ಚಿ ತೋರಿಸಿದೆ. ಎಂಟನೇ ತರಗತಿಯ ಪಾಠವನ್ನು ನನ್ನಿಂದ ಅಷ್ಟು ಗಮನವಿಟ್ಟು ಕೇಳಿದವರು ಕಡಿಮೆ.

ಮಾರನೆಯ ದಿನ, ಶನಿವಾರ, ಸೈಕಲ್ಲು ಎಲ್ಲಿಯೂ ನಿಲ್ಲಲಿಲ್ಲ. ಸಂಜೆ ಯಜಮಾನರು ಏನಾಗಿತ್ತು ಎಂದು ಕೇಳಿದರು. ಧೂಳು ಕೂತಿತ್ತು ಎಂದೆ. ಅತ್ತೆಯನ್ನು ಮಗನ ಮುಂದೆ ಸಿಕ್ಕಿಹಾಕಿಸಲು ನನಗೆ ಮನಸ್ಸಿರಲಿಲ್ಲ.

"ಧೂಳಲ್ಲ ಕಣ್ಲಾ," ಎಂದರು ಅತ್ತೆ. "ನಾನು ಅರ್ಸ್ನ ಬಳ್ದು ಕೆಡ್ಸಿದ್ದೆ. ಇವ್ಳು ಕಂಡಿಡುದ್ಲು. ಮಳವಳ್ಳಿಗೆ ಫೋನ್ ಮಾಡಿ ಬರಾದು ಬ್ಯಾಡ ಅನ್ನು."

"ನಾಳಿಕ್ಕೆ ಇನ್ನೇನೋ ಆಗಿ ನಿಂತ್ರೆ ಏನವ್ವ ಮಾಡಾದು?"

"ನಿಂತ್ರೆ ಅವ್ಳೇ ಬಿಚ್ಚಿ ನೋಡ್ಕತಾಳೆ. ನೀನು ಗಾಡಿ ಹತ್ತು ಅನ್ಬ್ಯಾಡ."

ಅತ್ತೆ ಮಗನಿಗೆ ನನ್ನ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿಕೊಂಡಿತು, ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಯಜಮಾನರು ಫೋನು ಹಿಡಿದು ಅಂಗಳಕ್ಕೆ ಇಳಿದರು. ಭಾವನಿಗೆ ಹೇಳಿದ್ದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು.

"ಇಲ್ಲ ಭಾವ, ಕೊಡಕಿಲ್ಲ. ಅವ್ಳಿಗೆ ಬೇಕಂತೆ."