ಜೀಪ್ ಕಾಕಾ ಕಲ್ತ ಒಂದೇ ಸ್ಪ್ಯಾನಿಷ್ ಮಾತು

ಒಂದ್ ನಿಮಿಷ ತಡೀರಿ, ಆ ಮಾತಿಗಿ ಬರ್ತೀನಿ. ಅದಕ್ಕಿಂತ ಮೊದಲ ಅವರ ಕೊಳ್ಳಾಗಿನ ಟಾವೆಲ್ ಹೇಳ್ತೀನಿ. ಕೆಂಪು ಚೌಕಡಿ ಟಾವೆಲ್, ಬ್ಯಾಸಗಿದಾಗೂ ಎರಡು ಸುತ್ತು ಬಿಗಿ. "ಕಾಕಾ, ಸೆಕಿ ಆಗಂಗಿಲ್ಲೇನ್ರಿ?" ಅಂದ್ರ, "ನಿನ್ನ ಕೊಳ್ಳಿಗಿ ಸುತ್ತೀನೇನ್ ಪೋರಿ? ಸುಮ್ಮ ಕೂಡು" ಅಂತಿದ್ರು.

ನ್ಯಾಲ್ಕಲ್ ಕಡಿಂದ ಜಹೀರಾಬಾದಿಗಿ ಜೀಪ್ ಹೊಡಿತಿದ್ರು ಕಾಕಾ. ಮೂರು ವರ್ಷ ನಾ ಅದರಾಗೇ ಕಾಲೇಜಿಗಿ ಹೋಗೀನಿ. ದಿನಾ ಅವೇ ಹತ್ತು ಹನ್ನೆರಡು ಮಂದಿ, ದಿನಾ ಬೈಗಳ. ಸೊಪ್ಪು ಮಾರೋ ಅತ್ತಿ ಹತ್ತಿದ್ರ, "ನಿನ್ನ ಬುಟ್ಟಿಗಿ ಬ್ಯಾರೆ ಜೀಪ್ ತರಲೇನು?" ಟ್ರ್ಯಾಕ್ಟರ್ ಕಾರ್ಖಾನಿಗಿ ಹೋಗೋ ಅಣ್ಣ ತಡ ಮಾಡಿದ್ರ, "ಮದುಮಗ ಬಂದ, ಸರೀರಿ ಎಲ್ಲಾರೂ." ಆದ್ರ ಒಬ್ಬರು ಕಡಿಮಿ ಇದ್ರ ಗಾಡಿ ಬಿಡ್ತಿದ್ದಿಲ್ಲ. ಎಲ್ಲಾರೂ ಹತ್ತಿದ ಮ್ಯಾಲ ಕಿಡಕಿಯಿಂದ ಕೈ ಹಾಕಿ ಬಾಗಿಲ ತಗಡಿಗಿ ಎರಡು ಸಲ ಬಡೀತಿದ್ರು. ಧಪ್ ಧಪ್. ಅಂದ್ರ ಹೊಂಟಿವಿ.

ನಂದೊಂದು ಹುಚ್ಚು ಇತ್ತು, ಸ್ಪ್ಯಾನಿಷ್. ನಮ್ಮ ಕಡಿ ಅದನ್ನ ಕಲಿಸೋರು ಎಲ್ಲಿ ಸಿಗ್ತಾರ? ಫೋನ್ ನೋಡಿ ನಾನೇ ಕಲೀತಿದ್ದೆ, ಮುಂದಿನ ಸೀಟಿನಾಗ ಕೂತು ಗೊಣಗ್ತಿದ್ದೆ.

"ಏನ್ ಪೋರಿ, ಮಂತ್ರ ಹಾಕಾಕತ್ತಿ?"

"ಕೆರೆರ್ ಅಂತ ಒಂದ್ ಕ್ರಿಯಾಪದ ಅದ ಕಾಕಾ. ಚಹಾ ಬೇಕು ಅನ್ನಾಕೂ ಅದೇ, ನಿನ್ನ ಮ್ಯಾಲ ಜೀವ ಅದ ಅನ್ನಾಕೂ ಅದೇ. ಭಾಳ ಮಂದಿಗಿ ಹೇಳಬೇಕಂದ್ರ, 'ಲೊಸ್ ಕಿಯೆರೊ'. ನಿಮ್ಮೆಲ್ಲಾರ ಮ್ಯಾಲ ನನಗ ಜೀವ ಅದ ಅಂತ."

"ಎಲ್ಲಾರಿಗೂ? ಒಮ್ಮೆಲೇ?"

"ಹೂಂ ರಿ. ಮನಿ ಮಂದಿಗಿ, ಗೆಳ್ಯಾರಿಗಿ, ಗುಂಪಿನಾಗ ನಿಂತು ಅಂತಾರ."

"ಇಲ್ಲಿ ಅಂದ್ರ ಚಪ್ಪಲಿ ಬೀಳ್ತಾವ" ಅಂದ್ರು. ಆದ್ರ ನಾಕು ದಿನ ನನ್ನ ಕಡಿಂದ ಅನಿಸಿ ಅನಿಸಿ ಕಲ್ತರು. ನಾ ಮಜಾಕ್ ಅನ್ಕೊಂಡೆ. ಆಗಲೇ ಅವರ ದನಿ ಒಡೆದಿತ್ತು. ಬೈದು ಬೈದು ಗಂಟಲ ಕೂತದ ಅಂತ ಎಲ್ಲಾರೂ ನಗ್ತಿದ್ವಿ.

ಒಂದ್ ಮುಂಜಾನಿ, ಹೈವೇ ಇನ್ನೂ ಮುಟ್ಟಿದ್ದಿಲ್ಲ, ಕಬ್ಬಿನ ಹೊಲದ ಬಾಜೂಕ ಗಾಡಿ ನಿಂತಿತು. ಪಂಚರ್ ಅನ್ಕೊಂಡೆ. ಕಾಕಾ ಇಂಜಿನ್ ಬಂದ್ ಮಾಡಿ, ಟಾವೆಲ್ ಸಡಿಲ ಮಾಡ್ಕೊಂಡು, ಹಿಂದ ತಿರುಗಿ ಎಲ್ಲಾರ ಮಾರಿ ನೋಡಿದ್ರು.

"ಲೊಸ್ ಕಿಯೆರೊ" ಅಂದ್ರು. ದನಿ ಸರಿ ಬರಲಿಲ್ಲ ಅಂತ ಇನ್ನೊಮ್ಮೆ ಅಂದ್ರು.

ಅತ್ತಿ ನನ್ನ ಹೆಗಲ ತಿವಿದು, "ಏನಂದ ಇವ? ಅದು ನಿನ್ನ ಭಾಷಾ ಅಲ್ಲೇನು?" ಅಂದ್ಲು. ಹತ್ತು ಜೋಡಿ ಕಣ್ಣು ನನ್ನ ಮ್ಯಾಲ. ಡ್ರೈವರಗ ಇಂಥಾ ಮಾತು ಕಲಿಸ್ಯಾಳ ಅಂತ ಮನಿಗಿ ಮುಟ್ಟಿದ್ರ ನನ್ನ ಕಾಲೇಜ್ ಅವತ್ತೇ ಬಂದ್.

"ಗಟ್ಟಿ ಹಿಡ್ಕೊಂಡ್ ಕೂಡ್ರಿ ಅಂತ" ಅಂದೆ.

ಎಲ್ಲಾರೂ ಜೀಪಿನ ಕಬ್ಬಿಣದ ಸಳಿ ಹಿಡ್ಕೊಂಡ್ರು. ಕಾಕಾ ನನ್ನ ಕಡಿ ಒಮ್ಮೆ ನೋಡಿದ್ರು. ಮುಂದ ತಿರುಗಿ ಇಂಜಿನ್ ಚಾಲೂ ಮಾಡಿದ್ರು. ಧಪ್ ಧಪ್.

ಮರುದಿನ ಬ್ಯಾರೆ ಡ್ರೈವರ್. "ಕಾಕಾಗ ಹೈದರಾಬಾದಿಗಿ ಒಯ್ದಾರ. ಗಂಟಲದಾಗ ಕ್ಯಾನ್ಸರ್. ದನಿ ಪೆಟ್ಟಿಗೀನೇ ತೆಗೀತಾರಂತ, ಇನ್ನ ಮಾತ್ ಬರಂಗಿಲ್ಲ" ಅಂದ. ಅವ ಹೇಳಿದ್ದು ನನ್ನ ತಲ್ಯಾಗ ಇಳಿಯಾಕ ಜಹೀರಾಬಾದ್ ಬಂತು. ಕೊಳ್ಳಾಗಿನ ಗಂಟು ಮುಚ್ಚಾಕ ಆ ಟಾವೆಲ್ ಇತ್ತು ಅಂತ ಆಗ ತಿಳೀತು. ದನಿ ಹೋಗೋಕಿಂತ ಮೊದಲ ನಮಗಂತ ಇಟ್ಟಿದ್ದ ಕಡೀ ಮಾತು, ಆ 'ಲೊಸ್ ಕಿಯೆರೊ'. ಅದನ್ನ ನಾ ಸಳಿ ಹಿಡ್ಕೋಳೋದು ಮಾಡಿಬಿಟ್ಟಿದ್ದೆ.

ಎರಡು ತಿಂಗಳ ಮ್ಯಾಲ ಕಾಕಾ ಜೀಪ್ ನಿಲ್ಲೋ ಜಾಗಾಕ್ಕ ಬಂದು ಕೂತಿದ್ರು. ಟಾವೆಲ್ ಇಲ್ಲ, ಕೊಳ್ಳಿಗಿ ಬಿಳಿ ಬಟ್ಟಿ. ಕಾರ್ಖಾನಿ ಅಣ್ಣ ನೋಡಿದವನೇ, "ಲೊಸ್ ಕಿಯೆರೊ ಕಾಕಾ, ನಾವು ಗಟ್ಟಿ ಹಿಡ್ಕೊಂಡೇ ಹೊಂಟೀವಿ" ಅಂದು ನಕ್ಕ. ಎಲ್ಲಾರೂ ನಕ್ರು. ಕಾಕಾನೂ ನಕ್ರು. ಅದೇ ನನಗ ತಡ್ಕೋಳಾಕ ಆಗಲಿಲ್ಲ.

"ಅದರ ಅರ್ಥ ಅದಲ್ಲ" ಅಂದೆ. "ನಾ ಸುಳ್ಳ ಹೇಳೀನಿ. ನಿಮ್ಮೆಲ್ಲಾರ ಮ್ಯಾಲ ನನಗ ಜೀವ ಅದ ಅಂದಿದ್ರು ಕಾಕಾ."

ಅಣ್ಣ ನೆಲ ನೋಡಿದ. ಅತ್ತಿ ಬುಟ್ಟಿ ಇಳಿಸಿ, ಕಾಕಾನ ಎದುರು ಹೋಗಿ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು.

"ಮತ್ತ ಇಷ್ಟ್ ವರ್ಷ ಬೈದಿ ಅಲ್ಲೋ ಮುದುಕಾ, ಅದ್ಯಾರಿಗಿ?"

ಕಾಕಾನ ಹೆಗಲು ಅಲುಗಿದ್ವು. ನಗು ಏನು ಅಳು ಏನು, ದನಿ ಇದ್ದಿಲ್ಲ. ಆಮ್ಯಾಲ ಎದ್ದು ಬಂದು ಅತ್ತಿ ಬುಟ್ಟಿ ತಾವೇ ಎತ್ತಿ ಜೀಪಿನೊಳಗ ಇಟ್ಟು, ತಗಡಿಗಿ ಎರಡು ಸಲ ಬಡದ್ರು.

ಆ ವರ್ಷ ಕಬ್ಬು ಕಡಿಯಾಕ ಶುರು ಆಗೋ ಹೊತ್ತಿಗಿ ಕಾಕಾ ಹೋದ್ರು. ನಾ ಇನ್ನೂ ಸ್ಪ್ಯಾನಿಷ್ ಕಲಿಯಾಕತ್ತೀನಿ. ಎಲ್ಲೆರೆ ಆ ಮಾತು ಕೇಳಿಸಿದ್ರ ಸಾಕು, ನನ್ನ ಕೈ ತಾನೇ ಸಳಿ ಹುಡುಕ್ತದ.

ನಿಮ್ಮ ಊರ ಆಟೋದಾಗ, ಅಂಗಡ್ಯಾಗ, ದಿನಾ ಬೈಯೋರು ಯಾರರೆ ಇದ್ದಾರೇನ್ರಿ? ಅವರು ಒಮ್ಮೆರೆ ನಿಮಗ ಬ್ಯಾರೆ ಏನರೆ ಅಂದಿದ್ರ, ಇಲ್ಲಿ ಕೆಳಗ ಬರೀರಿ. ಖರೆ ಅರ್ಥನೇ ಬರೀರಿ.