ಅಡಿಪಟ್ಟಿ ಭಾವನ ಎಡಗೈ

ನನ್ನ ಅಕ್ಕನ ಗಂಡ ಮನೆಗಳ ನಕ್ಷೆ ಬರೆಯುತ್ತಿದ್ದವರು. ಎಂಜಿನಿಯರರ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ, ಮೊದಲು ಇಳಿಜಾರು ಮೇಜಿನ ಮೇಲೆ ಕಾಗದ ಹರಡಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ. ಕಚೇರಿಯಲ್ಲಿ ಅವರಿಗೆ ಅಡಿಪಟ್ಟಿ ಎಂದು ಅಡ್ಡಹೆಸರು. ನಾನೂ ಅದನ್ನೇ ಎತ್ತಿಕೊಂಡು ಅಡಿಪಟ್ಟಿ ಭಾವ ಎನ್ನುತ್ತಿದ್ದೆ, ಅದೂ ಅವರ ಎದುರಿಗೇ. ಭಾವ ಭಾಮೈದರ ನಡುವೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಆ ನಂಟು ಯಾಕಾದರೂ ಬೇಕು? ಗೋಡೆಯ ಕ್ಯಾಲೆಂಡರು ಅರ್ಧ ಬೆರಳು ವಾಲಿದ್ದರೂ ಊಟ ಬಿಟ್ಟೆದ್ದು ಸರಿಮಾಡುವ ಮನುಷ್ಯ. ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ದಿನ ಎಲ್ಲರೂ ಬಾಯಿತುಂಬ ಹಾರೈಸಿ ಹೋದರು. ಇವರು ಮಾತ್ರ ರಸ್ತೆಯಾಚೆ ನಿಂತು ಕತ್ತೆತ್ತಿ ನೋಡಿ, "ಬೋರ್ಡು ಎಡಕ್ಕೆ ಕಾಲಿಂಚು ಇಳಿದಿದೆ" ಅಂದರು. ಅಳೆದು ನೋಡಿದೆ. ಕಾಲಿಂಚೇ ಇಳಿದಿತ್ತು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯಲಾರಂಭಿಸಿತು. ಮಾತು ಮಾತ್ರ ಸ್ವಲ್ಪ ತೊದಲಿ, ಉಳಿಯಿತು. "ಬೇರೆಲ್ಲ ಬಿಟ್ಟು ನಾಲಿಗೆ ಉಳೀತಲ್ಲ, ನನ್ನ ಕರ್ಮ" ಎಂದು ಆಸ್ಪತ್ರೆಯಲ್ಲಿ ಕೀಟಲೆ ಮಾಡಿದೆ. ಭಾವ ನಕ್ಕರು. ಅಕ್ಕ ನಗಲಿಲ್ಲ.

ಅಕ್ಕ ಗಿಡ್ಡ ಆಳು, ಭಾವನ ಭುಜಕ್ಕೆ ಬರುತ್ತಾಳೆ. ಅವರ ಮನೆಯಲ್ಲಿ ಮಲಗುವ ಕೋಣೆಯಿಂದ ಬಚ್ಚಲಿಗೆ ಹದಿನಾಲ್ಕು ಅಡಿಯ ಇಕ್ಕಟ್ಟಾದ ಪ್ಯಾಸೇಜು ಇದೆ. ಭಾವನ ಸೋತ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಅವರ ಸೊಂಟ ಹಿಡಿದು, ಇನ್ನೊಂದನ್ನು ಗೋಡೆಗೆ ಊರುತ್ತ ಊರುತ್ತ ಅವಳು ಅವರನ್ನು ಆಚೆ ದಾಟಿಸಬೇಕು, ಮತ್ತೆ ಈಚೆ ತರಬೇಕು. ದಿನಕ್ಕೆ ಏಳೆಂಟು ಸಲ. ಮೂರು ತಿಂಗಳಾಗುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, ಪ್ಯಾಸೇಜಿನ ಎರಡೂ ಗೋಡೆಗೆ ರೇಲಿಂಗ್ ಹಾಕಿಸಿದರೆ ಇವರೇ ಹಿಡಿದುಕೊಂಡು ನಡೆಯಬಹುದು ಎಂದಳು.

ನನ್ನ ಪಕ್ಕದ ಅಂಗಡಿಯ ಬಡಗಿಯನ್ನು ಕರೆದುಕೊಂಡು ಹೋದೆ. ಅವನು ಗೋಡೆಯ ಮೇಲೆ ಕಣ್ಣಳತೆಯಲ್ಲೇ ಪೆನ್ಸಿಲ್ ಗೀಟು ಹಾಕಿದ. ಅಷ್ಟೇ ಸಾಕಾಯಿತು.

"ನಕ್ಷೆ ಇಲ್ದೆ ನನ್ನ ಗೋಡೆಗೆ ಒಂದು ಮೊಳೆನೂ ಬೀಳಬಾರ್ದು" ಅಂದರು ಭಾವ.

"ಹಾಗಾದ್ರೆ ನೀವೇ ಬರೆದುಕೊಡಿ" ಎಂದುಬಿಟ್ಟೆ. ಬಾಯಿ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ?

ಅವರು ಬರೆಯಲು ಕೂತದ್ದೂ ನಿಜ. ಮನೆಯ ಕಂಪ್ಯೂಟರಿನಲ್ಲಿ ಅವರ ಇಷ್ಟು ವರ್ಷದ ನಕ್ಷೆಗಳೆಲ್ಲ ಇದ್ದವು, ಒಂದೊಂದಕ್ಕೂ ನಂಬರು ಕೊಟ್ಟು. ಕೊನೆಯದು ಎರಡು ಸಾವಿರದ ಮುನ್ನೂರ ಹದಿನಾರು. ಹಾಳೆಯ ಸುತ್ತ ಹಾಕುವ ಅಂಚುಪಟ್ಟಿಯ ನಮೂನೆಗೆಂದು ಹಳೆಯದೊಂದನ್ನು ತೆರೆದರಂತೆ. ಎಡಗೈ ನಡುಗಿ ಮೌಸು ಜಾರಿತು, ಆ ಮನೆಯ ಮೆಟ್ಟಿಲ ಪಕ್ಕದ ಗೋಡೆ ಕಿತ್ತು ಅಂಗಳಕ್ಕೆ ಬಂತು, ಅಭ್ಯಾಸಬಲದಿಂದ ಬೆರಳು ಸೇವ್ ಒತ್ತಿತು. ಭಾವ ಕಂಪ್ಯೂಟರ್ ಆರಿಸಿ ಮುಖ ತಿರುಗಿಸಿದವರು ನಾಲ್ಕು ತಿಂಗಳು ಅದರತ್ತ ನೋಡಲಿಲ್ಲ.

"ಆ ಮನೆ ಕಟ್ಟಿ ಇಪ್ಪತ್ತು ವರ್ಷ ಆಯ್ತು ಭಾವ. ಈಗ ನಕ್ಷೆ ಕೆಟ್ರೆ ಯಾರಿಗೆ ನಷ್ಟ?"

"ನನಗೆ" ಅಂದರು.

ನಕ್ಷೆಯಿಲ್ಲದೆ ಬಡಗಿ ಮತ್ತೆ ಬರುವ ಹಾಗಿರಲಿಲ್ಲ. ಭಾವ ಬರೆಯುವ ಹಾಗೂ ಇರಲಿಲ್ಲ. ನಡುವೆ ಅಕ್ಕ. ಒಂದು ದಿನ ಅಂಗಡಿಗೆ ಫೋನ್ ಮಾಡಿದಳು. "ಇನ್ನೆಷ್ಟು ದಿನ ಹಿಡ್ಕೊಳ್ಳಲಿ ಕಣೋ? ನಾನೂ ಬಿದ್ರೆ ಇಬ್ಬರನ್ನೂ ಎತ್ತೋರು ಯಾರು?" ದೂರುವ ದನಿಯಲ್ಲ, ಲೆಕ್ಕ ಕೇಳುವ ದನಿ.

ಆ ಹೊತ್ತಿಗೆ ನನ್ನ ಮುಂದೆ ವಿಂಡೋಸ್ ಏಳಲೊಲ್ಲದ ಕಂಪ್ಯೂಟರೊಂದು ಬಾಯಿ ತೆರೆದುಕೊಂಡು ಕೂತಿತ್ತು. ಅಂಥವುಗಳ ಒಳಗೆ ಇಣುಕಲು ನಾನು ವಿಂಡೋಸಿನ ಬದಲಿಗೆ ಓಡುವ ಲಿನಕ್ಸ್ ತುಂಬಿದ ಪೆನ್ ಡ್ರೈವ್ ಒಂದನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಚುಚ್ಚಿದರೆ ಅದರಿಂದಲೇ ಕಂಪ್ಯೂಟರ್ ಏಳುತ್ತದೆ. ಕೆಲಸ ಮುಗಿಸಿ ಆರಿಸಿದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಹಿಂದಿನದು ಹಿಂದಿನ ಹಾಗೇ ಇರುತ್ತದೆ. ವರ್ಷಗಟ್ಟಲೆ ಕೈಯಲ್ಲಿ ಹಿಡಿದು ತಿರುಗಿದ ವಸ್ತು. ಅದು ಭಾವನಿಗೆ ಬೇಕಾದದ್ದು ಎಂದು ಈ ಮಂಕುದಿಣ್ಣೆಗೆ ಆವತ್ತು ಹೊಳೆಯಿತು.

ನಕ್ಷೆ ಬರೆಯುವ ಪ್ರೋಗ್ರಾಮನ್ನೂ ಸೇರಿಸಿ ಹೊಸದೊಂದು ಪೆನ್ ಡ್ರೈವ್ ಸಿದ್ಧಮಾಡಿಕೊಂಡು ಮಾರನೆಯ ಬೆಳಿಗ್ಗೆಯೇ ಹೋದೆ. ವಿಷಯ ಹೇಳಿದೆ. ಭಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಪುಕ್ಕಟೆ ಸಿಗೋದಾ ಇದು?"

"ಹೌದು ಭಾವ."

"ಅದಕ್ಕೇ ನಿನ್ನ ಹತ್ರ ಇದೆ."

"ಆಯ್ತು, ಬೈದುಕೊಳ್ಳಿ. ಇದರಲ್ಲಿ ಎಷ್ಟು ಗೀಚಿದ್ರೂ ನಿಮ್ಮ ಹಳೇ ನಕ್ಷೆ ಒಂದನ್ನೂ ಮುಟ್ಟಲ್ಲ."

"ಮುಟ್ಟಲ್ಲ ಅಂತ ಯಾರು ಹೇಳಿದ್ದು?"

ಅವರಿಗೆ ಬಾಯಿಮಾತು ಸಾಲದು. ಸ್ಕ್ರೂಡ್ರೈವರ್ ತೆಗೆದೆ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಎರಡು ವೈರು ಕಳಚಿ, ಹಾರ್ಡ್ ಡಿಸ್ಕನ್ನೇ ಹೊರಗೆ ತೆಗೆದು ಅವರ ತೊಡೆಯ ಮೇಲೆ ಇಟ್ಟೆ. ಅಂಗೈಯಗಲದ ಡಬ್ಬಿ. ಭಾವ ಅದರ ಮೇಲೆ ಎಡಗೈ ಇಟ್ಟುಕೊಂಡರು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ. ಎರಡು ಸಾವಿರದ ಮುನ್ನೂರ ಹದಿನಾರು ನಕ್ಷೆ ಇಷ್ಟು ಹಗುರವಾ ಎಂದು ಅಕ್ಕ ಕೇಳಿದಳು.

ಪೆನ್ ಡ್ರೈವ್ ಚುಚ್ಚಿ ಒತ್ತಿದೆ. ಪರದೆ ಬೆಳಗಿತು. ಭಾವ ಮುಂದಕ್ಕೆ ಬಾಗಿದರು.

"ಸಿ ಡ್ರೈವ್ ಎಲ್ಲಿ?"

"ನಿಮ್ಮ ತೊಡೆ ಮೇಲೆ."

"ಮತ್ತೆ ಇದು ಯಾತರ ಮೇಲೆ ಓಡ್ತಿದೆ?"

"ಪುಕ್ಕಟೆ ಕಡ್ಡಿ ಮೇಲೆ."

ಹ್ಞೂಂ ಎಂದರು. ಮೂಗು ಮುರಿಯಲಿಲ್ಲ. ಮೌಸನ್ನು ಎಡಗೈಗೆ ಹೊಂದಿಸಿಕೊಟ್ಟೆ. ಅವರು ಒಂದು ಆಯತ ಬರೆದರು. ಬರೆಯಲು ಹತ್ತು ನಿಮಿಷ ಬೇಕಾಯಿತು, ಆದರೂ ಒಂದು ಮೂಲೆಯೂ ಕೂಡಲಿಲ್ಲ. ಒಂದು ಕಡೆ ಗೆರೆ ದಾಟಿ ಹೋಗಿತ್ತು, ಇನ್ನೊಂದು ಕಡೆ ತಲುಪಿರಲೇ ಇಲ್ಲ. ಅವರ ಕಿವಿ ಕೆಂಪಾದದ್ದು ನೋಡಿ ನಾನು ಕಿಟಕಿಯಾಚೆ ನೋಡಲಾರಂಭಿಸಿದೆ.

"ಆಫ್ ಮಾಡು" ಅಂದರು. ಮಾಡಿದೆ. "ಆನ್ ಮಾಡು." ಮಾಡಿದೆ. ಪರದೆ ಏನೂ ಆಗಿಲ್ಲವೆಂಬಂತೆ ಎದ್ದಿತು. ಮತ್ತೊಂದು ಆಯತ, ಮತ್ತೆ ಆಫ್, ಮತ್ತೆ ಆನ್. ಮೂರನೆಯ ಸಲ ಅವರ ಮುಖ ಸಡಿಲವಾಯಿತು.

"ನಿಜವಾಗ್ಲೂ ಹೋಯ್ತಲ್ಲ" ಅಂದರು.

ಫೈಲು ಹೋಯಿತೆಂದು ಅಂಗಡಿಯಲ್ಲಿ ಕಣ್ಣೀರು ಹಾಕಿದವರನ್ನು ಎಷ್ಟೋ ನೋಡಿದ್ದೇನೆ. ಹೋಯಿತೆಂದು ಹಿಗ್ಗಿದವರನ್ನು ನೋಡಿದ್ದು ಅದೇ ಮೊದಲು.

ಹೊರಡುವಾಗ ಇನ್ನೊಂದು ಪೆನ್ ಡ್ರೈವ್ ಕೊಟ್ಟೆ, ಗುರುತಿಗೆ ಕೆಂಪು ದಾರ ಕಟ್ಟಿದ್ದು. "ಉಳಿಸ್ಬೇಕು ಅನ್ನಿಸಿದ್ರೆ ಇದಕ್ಕೆ ಹಾಕಿ ಭಾವ. ಡೆಸ್ಕ್‌ಟಾಪ್ ಮೇಲೆ ಇಟ್ರೆ ನಿಲ್ಲಲ್ಲ." ಅವರು ಅದನ್ನು ಮೇಜಿನ ಡ್ರಾಯರಿಗೆ ಎಸೆದು ಮುಚ್ಚಿದರು. ಡಿಸ್ಕನ್ನು ಅಕ್ಕ ಬೀರುವಿನಲ್ಲಿ ಉಣ್ಣೆಯ ಬಟ್ಟೆಗಳ ನಡುವೆ ಇಟ್ಟಳು.

ಆಮೇಲೆ ಅದೊಂದು ದಿನಚರಿಯಾಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಭಾವ ಕೂರುತ್ತಿದ್ದರು. ಆ ಲಿನಕ್ಸಿಗೆ ನಿನ್ನೆಯ ನೆನಪಿರುವುದಿಲ್ಲವಲ್ಲ, ಮೌಸನ್ನು ದಿನಾ ಹೊಸದಾಗಿ ಎಡಗೈಗೆ ಹೊಂದಿಸಬೇಕು. ಅದನ್ನು ಕಲಿತರು. ಪ್ಯಾಸೇಜನ್ನು ಬರೆಯುತ್ತಿದ್ದರು, ದಿನಾ ಮೊದಲ ಗೋಡೆಯಿಂದ. ನಾಲ್ಕು ಗಂಟೆಗೆ ಅವರು ಮಲಗಿದಾಗ ಅಕ್ಕ ಕಂಪ್ಯೂಟರ್ ಆರಿಸಿ ಬಟ್ಟೆ ಹೊದಿಸುತ್ತಿದ್ದಳು. ಅವಳ ಸೊಂಟ ಮಾತ್ರ ಮೊದಲಿನ ಹಾಗೇ ಇತ್ತು. ಪ್ಯಾಸೇಜಿನ ಪ್ರಯಾಣವೂ ಮೊದಲಿನ ಹಾಗೇ ನಡೆದಿತ್ತು.

ನಾನು ವಾರಕ್ಕೊಮ್ಮೆ ಹೋಗಿ ತೋರಿಸಿ ಎಂದು ಪೀಡಿಸುತ್ತಿದ್ದೆ.

"ಏನು ತೋರ್ಸೋದು? ನಾಳೆ ಇರಲ್ಲ."

"ಇವತ್ತು ಇದೆಯಲ್ಲ."

"ಇವತ್ತಿಂದು ನನ್ನ ಪಾಡು. ನಿನ್ನ ಬೋರ್ಡ್ ಸರಿಮಾಡ್ದೆಯಾ?"

ಏಳನೆಯ ವಾರ ಅಕ್ಕನ ಫೋನು ಬಂತು. "ಪ್ರಿಂಟ್ ತೆಗೀಬೇಕಂತೆ, ಬಾ." ದನಿಯಲ್ಲಿ ಹರುಷ ತುಳುಕುತ್ತಿತ್ತು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಓಡಿದೆ. ಭಾವ ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂತಿದ್ದರು, ತಲೆ ಬಾಚಿಕೊಂಡು. ಮಧ್ಯಾಹ್ನವೇ ನಕ್ಷೆ ಮುಗಿದಿತ್ತಂತೆ. ಎಲ್ಲ ಮೂಲೆ ಕೂಡಿ, ಅಳತೆ ಹಾಕಿ, ನಂಬರು ಕೊಟ್ಟು: ಎರಡು ಸಾವಿರದ ಮುನ್ನೂರ ಹದಿನೇಳು. ಎದ್ದ ಮೇಲೆ ಹೆಂಡತಿಗೆ ತೋರಿಸಿ ಬೆರಗು ಮಾಡೋಣವೆಂದು ಬಾಯಿ ಬಿಡದೆ ಮಲಗಿದ್ದರು, ಎದ್ದೊಡನೆ ತೋರಿಸುವ ಮೊದಲೇ ಹೇಳಿಬಿಟ್ಟಿದ್ದರು.

ಮೇಜಿನ ಮೇಲೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು. ಎತ್ತಿ ನೋಡಿದೆ, ಆರಿಸಿತ್ತು.

"ಎಲ್ಲಿ ಸೇವ್ ಮಾಡಿದ್ರಿ ಭಾವ?"

"ಎಲ್ಲಿ ಅಂದ್ರೆ? ಡೆಸ್ಕ್‌ಟಾಪ್ ಮೇಲೆ." ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಇಪ್ಪತ್ತು ವರ್ಷ ವಿಂಡೋಸಿನಲ್ಲಿ ಇಟ್ಟದ್ದೆಲ್ಲ ಇಟ್ಟಲ್ಲೇ ಸಿಕ್ಕಿತ್ತು. ಖುಷಿಯಲ್ಲಿ ಕೈ ತನ್ನ ಹಳೆಯ ದಾರಿ ಹಿಡಿದಿತ್ತು. ಕೆಂಪು ದಾರದ್ದು ಡ್ರಾಯರಿನಲ್ಲೇ ಇತ್ತು.

"ನಾನೇ ಆಫ್ ಮಾಡ್ದೆ" ಅಂದಳು ಅಕ್ಕ. "ನಾಲ್ಕು ಗಂಟೆಗೆ. ದಿನಾ ಮಾಡೋ ಹಾಗೆ."

ಯಾರೂ ಅವಳನ್ನು ಅನ್ನಲಿಲ್ಲ. ಅನ್ನಲು ಏನಿತ್ತು? ತಪ್ಪು ನನ್ನದು. ಉಳಿಯುವ ಹಾಗೆ ಮಾಡಿಕೊಡಲು ನನಗೆ ಅರ್ಧ ಗಂಟೆಯ ಕೆಲಸ. ಅಳಿಸಿಹೋಗುವುದೇ ಚೆನ್ನ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕೂತಿದ್ದೆ. ಅಕ್ಕ ಎದ್ದು ಪ್ಯಾಸೇಜಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು, ಸೊಂಟ ಬಗ್ಗಿಸಿ, ಗೋಡೆಗೆ ಕೈ ಊರಿಕೊಂಡು. ಅಳುತ್ತಿದ್ದಳು. ವರ್ಷದಲ್ಲಿ ಅವಳು ನನ್ನ ಮುಂದೆ ಅತ್ತದ್ದು ಅದೊಂದೇ ಸಲ. ಭಾವ ಕಂಪ್ಯೂಟರಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವಳನ್ನೇ ನೋಡುತ್ತ ಬಹಳ ಹೊತ್ತು ಕೂತರು. ಇನ್ನು ನಾಲ್ಕು ತಿಂಗಳು ಇದರ ಕಥೆ ಮುಗಿಯಿತು ಎಂದುಕೊಂಡೆ ನಾನು.

"ನೀನು ಹೋಗು. ನಾಳೆ ಬಾ" ಅಂದರು.

ಮಾರನೆಯ ದಿನ ಹನ್ನೆರಡಕ್ಕೆಲ್ಲ ಫೋನು ಬಂತು. ಹೋದರೆ ಕೆಂಪು ದಾರದ ಪೆನ್ ಡ್ರೈವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಾರೆ. ಏಳು ವಾರದ್ದು ಒಂದೇ ಬೆಳಿಗ್ಗೆಯಲ್ಲಿ ಮುಗಿದಿತ್ತು.

"ಹೇಗೆ ಭಾವ?"

"ಕಂಪ್ಯೂಟರ್ ಮರೀತು ಅಂತ ನಾನೂ ಮರೀಬೇಕಾ?"

ಅಕ್ಕ ಹೇಳಿದ್ದು ಇಷ್ಟೇ: ಬೆಳಿಗ್ಗೆ ಬಚ್ಚಲಿಂದ ಬರುವಾಗ ಅವರು ಟೇಪು ಕೇಳಿದರು, ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಗೋಡೆಯ ಮೇಲೆ ಏನನ್ನೋ ಅಳೆದರು, ಅವಳನ್ನು ಅಡುಗೆಮನೆಗೆ ಕಳಿಸಿದರು.

ಅಂಗಡಿಗೆ ತಂದು ಪ್ರಿಂಟ್ ತೆಗೆದೆ. ಗೆರೆಗಳು ಅವರ ಹಳೆಯ ನಕ್ಷೆಗಳ ಹಾಗೆ ತೀಡಿದಂತಿರಲಿಲ್ಲ. ಒಂದೆರಡು ಮೂಲೆ ಚೂರು ದಾಟಿದ್ದವು. ಆದರೆ ರೇಲಿಂಗ್ ಮಾತ್ರ ಎರಡು ಸಲ ಬಿದ್ದಿತ್ತು, ಪ್ರತಿ ಗೋಡೆಗೂ ಒಂದರ ಕೆಳಗೆ ಒಂದು. ಕೈ ನಡುಗಿ ಎರಡು ಸಲ ಒತ್ತಿರಬೇಕು ಎಂದು ಫೋನ್ ಮಾಡಿದೆ.

"ಭಾವ, ಒಂದು ಗೆರೆ ಹೆಚ್ಚಿಗೆ ಬಿದ್ದಿದೆ. ಕೆಳಗಿಂದು ಅಳಿಸ್ಲಾ?"

"ಮುಟ್ಟಬೇಡ. ಅಳತೆ ಓದು."

"ಮೇಲಿಂದು ಮೂರು ಅಡಿ. ಕೆಳಗಿಂದು ಎರಡೂವರೆ."

"ಮೇಲಿಂದು ನನಗೆ. ಕೆಳಗಿಂದು ನಿಮ್ಮಕ್ಕನಿಗೆ."

ನಾನು ಪ್ರಿಂಟನ್ನು ಮತ್ತೆ ಬೆಳಕಿಗೆ ಹಿಡಿದೆ.

"ಗೋಡೆ ಮೇಲೆ ಅವಳ ಕೈ ಗುರುತಿದೆ ಕಣೋ, ಉದ್ದಕ್ಕೂ. ನಿನ್ನೆ ಅವಳು ಅಲ್ಲಿ ನಿಂತಾಗ ನೋಡ್ದೆ. ಒಂದು ವರ್ಷದಿಂದ ಆ ಗುರುತಿನ ಪಕ್ಕನೇ ಓಡಾಡಿದೀನಿ, ಅದರ ಎತ್ತರ ನನಗೆ ಕಾಣಿಸಿರ್ಲಿಲ್ಲ. ಹೋಯ್ತಲ್ಲ, ಆ ಮೊದಲಿನ ನಕ್ಷೆ, ಅದರಲ್ಲಿ ನಂದೊಂದೇ ಇತ್ತು." ತೊದಲು ಹೆಚ್ಚಾಯಿತು, ನಿಲ್ಲಿಸಿದರು, ಮತ್ತೆ ಹೇಳಿದರು. "ನಾನು ಅವಳನ್ನ ಹಿಡ್ಕೊಂಡೆ. ಅವಳು ಏನು ಹಿಡ್ಕೊಬೇಕು?"

ಫೋನ್ ಇಟ್ಟ ಮೇಲೆ ಅಂಗಡಿಗೆ ಬಂದ ಒಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿದೆ. ನನ್ನ ಆಗಿನ ಮುಖ ಇಟ್ಟುಕೊಂಡು ವ್ಯಾಪಾರ ಮಾಡುವ ಹಾಗಿರಲಿಲ್ಲ.

ಬಡಗಿ ಎರಡು ದಿನ ಕೆಲಸ ಮಾಡಿದ. ಭಾವ ಕುರ್ಚಿಯಲ್ಲಿ ನಕ್ಷೆ ಹಿಡಿದು ಕೂತು ಅವನ ಜೀವ ಹಿಂಡಿದರು. ಆದರೂ ಕೊನೆಗೆ ಅವನು ಆ ನಕ್ಷೆ ನನಗೆ ಕೊಡಿ, ಇಟ್ಟುಕೊಳ್ಳುತ್ತೇನೆ ಎಂದ. ಅತ್ತ ನಾನು ಬೀರುವಿನಿಂದ ಡಿಸ್ಕು ತೆಗೆದು ಮತ್ತೆ ಕೂರಿಸಿದೆ, ಭಾವನೇ ಹೇಳಿದ್ದಕ್ಕೆ. ಎರಡು ಸಾವಿರದ ಮುನ್ನೂರ ಹದಿನೇಳು ತನ್ನ ಸಾಲಿನಲ್ಲಿ ಹೋಗಿ ಸೇರಿತು. ಮೆಟ್ಟಿಲ ಪಕ್ಕದ ಗೋಡೆಯನ್ನೂ ಅವರು ಅದೇ ಎಡಗೈಯಲ್ಲಿ ಅದರ ಜಾಗಕ್ಕೆ ತಂದರು.

ರೇಲಿಂಗ್ ಮುಗಿದ ಸಂಜೆ ಭಾವ ಎಡಗೈಯಲ್ಲಿ ಮೇಲಿನದನ್ನು ಹಿಡಿದು ಪ್ಯಾಸೇಜಿನಲ್ಲಿ ಹೊರಟರು. ಅಕ್ಕ ಹಿಂದೆಯೇ ಕೈ ಚಾಚಿಕೊಂಡು ಹೊರಟಳು.

"ನೀನೂ ಹಿಡ್ಕೊ" ಅಂದರು, ತಿರುಗದೆ.

"ನನಗ್ಯಾಕ್ರೀ?"

"ಹಿಡ್ಕೊ ಅಂದ್ನಲ್ಲ."

ಅಕ್ಕ ಕೆಳಗಿನದರ ಮೇಲೆ ಕೈ ಇಟ್ಟಳು. ಬಗ್ಗಬೇಕಾಗಲಿಲ್ಲ, ಎತ್ತಬೇಕಾಗಲಿಲ್ಲ. ಕೈ ಇದ್ದಲ್ಲಿಗೇ ರೇಲಿಂಗ್ ಬಂದಿತ್ತು. ಅದರ ಹಿಂದೆ ಗೋಡೆಯ ಮೇಲೆ ಅವಳದೇ ಬೆರಳುಗಳ ಕಂದು ಕಲೆ. ಅದನ್ನು ನೋಡಿದಳು, ಅವರ ಬೆನ್ನನ್ನು ನೋಡಿದಳು.

ಇಂಥ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಕೀಟಲೆಯೊಂದೇ. "ಭಾವ, ಕೆಳಗಿಂದು ಕಾಲಿಂಚು ವಾಲಿದೆ" ಎಂದೆ.

ಅವರು ತಕ್ಷಣ ನಿಂತರು. ರೇಲಿಂಗ್ ಹಿಡಿದುಕೊಂಡೇ ಮೆಲ್ಲಗೆ, ಒಬ್ಬರೇ, ಪೂರ್ತಿ ಹಿಂದಕ್ಕೆ ತಿರುಗಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಅಕ್ಕ ಅವರನ್ನು ಹಿಡಿಯಲು ಓಡಲಿಲ್ಲ. ರೇಲಿಂಗ್ ಹಿಡಿದು ತನ್ನ ಜಾಗದಲ್ಲೇ ನಿಂತಿದ್ದಳು.

"ನೆಟ್ಟಗಿದೆ" ಅಂದರು ಭಾವ.